ಹಿಮದ ಮೇಲೆ ಕರೀ ಚೌಕ

ನಮ್ಮಪ್ಪ ಹೆದರೋದು ಇಬ್ಬರಿಗೇ. ಒಂದು, ಹಲ್ಲಿನ ಡಾಕ್ಟರಿಗೆ; ಇನ್ನೊಂದು, ನಮ್ಮಜ್ಜಿಗೆ. ಅದ್ರಲ್ಲಿ ಡಾಕ್ಟರೇ ವಾಸಿ, ಕೀಳೋ ಮುಂಚೆ ಇಂಜೆಕ್ಷನ್ ಆದ್ರೂ ಕೊಡ್ತಾರೆ.

ಅಜ್ಜಿ ಅಂದ್ರೆ ಅಮ್ಮನ ಅಮ್ಮ, ಲೆಯೊಕಾದಿಯಾ. ನಮ್ಮ ಜೊತೇಲೇ ಇರೋದು. ಅಲ್ಲಲ್ಲ, ತಪ್ಪು, ನಾವು ಅವರ ಜೊತೆ ಇರೋದು. ಮನೆ ಅವರದು, ಕಾರ್ಪೆಟ್ ಅವರದು, ಟಿವಿ ಅವರದು. ಅಪ್ಪ ಮಾತ್ರ ಹೊರಗಿಂದ ಬಂದೋರು. ಇದನ್ನ ಅಜ್ಜಿ ಆಗಾಗ ನೆನಪಿಸ್ತಾನೂ ಇರ್ತಾರೆ.

ಕ್ರಿಸ್ಮಸ್ ರಜೆಗೆ ನಾನು ಹಾಸ್ಟೆಲ್ಲಿಂದ ಬಂದ ಮಾರನೇ ಬೆಳಿಗ್ಗೆ ಎದ್ದು ನೋಡ್ತೀನಿ, ಹೊರಗೆ ಹಿಮ! ಎಂಥಾ ಹಿಮ ಅಂದ್ರೆ ಮೈದಾ ಹಿಟ್ಟು. ಒಣಾ ಒಣ, ಕಾಲಿಟ್ರೆ ಕರಕರ ಅನ್ನೋದು. ಇಂಥ ಹಿಮ ಬಿದ್ರೆ ಬೇರೆ ಊರೋರು ಫೋಟೋ ತೆಗೀತಾರೇನೋ. ನಮ್ಮ ಸುವಾವ್ಕಿಯಲ್ಲಿ ಹೆಂಗಸ್ರು ಕಿಟಕಿಯಿಂದ ಹಂಗೇ ತಿರುಗಿ ಕಾರ್ಪೆಟ್ ಕಡೆ ನೋಡ್ತಾರೆ.

ಯಾಕಂದ್ರೆ ಹಬ್ಬಕ್ಕೆ ಮುಂಚೆ ಇಂಥ ಒಣ ಹಿಮ ಬಿದ್ದ ತಕ್ಷಣ ಕಾರ್ಪೆಟ್ ಸುತ್ಕೊಂಡು ಕೆಳಗೆ ಅಂಗಳಕ್ಕೆ ಹೋಗ್ಬೇಕು. ಮುಖ ಕೆಳಗೆ ಮಾಡಿ ಹಿಮದ ಮೇಲೆ ಹಾಸ್ಬೇಕು. ಬೆತ್ತದ ಬಡಿಗೆ ತಗೊಂಡು ಚಚ್ಬೇಕು. ಒಳಗಿರೋ ಧೂಳೆಲ್ಲ ಹಿಮಕ್ಕೆ ಇಳಿಯುತ್ತೆ. ಆಮೇಲೆ ಕಾರ್ಪೆಟ್ ಎತ್ತಿದ್ರೆ ಕೆಳಗೆ ಅದರ ಅಳತೆಗೆ ಒಂದು ಚೌಕ ಉಳಿಯುತ್ತೆ. ಆ ಚೌಕಾನೇ ಮನೆ ಮರ್ಯಾದೆ. ಬೆಳ್ಳಗಿದ್ರೆ ಅಚ್ಚುಕಟ್ಟು ಸಂಸಾರ. ಬೂದಿ ಬಣ್ಣಕ್ಕಿದ್ರೆ, ಹೋಗ್ಲಿ ಬಿಡು, ಪಾಪ. ಕಪ್ಪಗಿದ್ರೆ ಆ ಮನೇಲಿ ನೀರೂ ಕುಡೀಬಾರ್ದು ಅಂತ ಅಜ್ಜಿ ತೀರ್ಪು. ಸುತ್ತಲಿನ ಬಿಲ್ಡಿಂಗಿನ ಅಡುಗೆಮನೆ ಕಿಟಕಿಗಳೆಲ್ಲ ಅಂಗಳದ ಕಡೇಗೇ ಇವೆ, ಯಾರೂ ತಪ್ಪಿಸ್ಕೊಳೋ ಹಂಗಿಲ್ಲ.

ಅಜ್ಜಿ ಚೌಕ ನಾನು ಕಂಡಂಗೆ ಯಾವಾಗ್ಲೂ ಹಾಲು. ಅಕ್ಕಪಕ್ಕದೋರು ನಿಂತು ನೋಡಿ ಹೋಗೋರು. ಕೆಳಗಿನ ಮನೆ ಗೆನೋವೆಫಾ ಇದಾರಲ್ಲ, ಅವರದೂ ಬಿಳೀನೇ ಇರೋದು. ಆದ್ರೆ ಒಂದು ವರ್ಷ, ಒಂದೇ ಒಂದು ವರ್ಷ, ಇಲಿ ಬಣ್ಣಕ್ಕೆ ಬಂದ್ಬಿಡ್ತು. ಅಜ್ಜಿ ಮೂರನೇ ಮಹಡಿಯಿಂದ ಇಡೀ ಅಂಗಳಕ್ಕೆ ಕೇಳೋ ಹಂಗೆ, "ಏನೇ ಗೆನೋವೆಫಾ, ಒಳಗೆ ಕಲ್ಲಿದ್ದಲು ಗಣಿ ನಡೆಸ್ತಿದ್ಯೇನೇ?" ಅಂದ್ಬಿಟ್ರು. ಅವತ್ತಿಂದ ಗೆನೋವೆಫಾ ಪ್ರತೀ ಚಳಿಗಾಲ ಅಜ್ಜಿ ಚೌಕ ಬಗ್ಗಿ ಬಗ್ಗಿ ನೋಡ್ತಾರೆ. ಒಂದು ಚುಕ್ಕೆ ಸಿಗ್ಲಿ ಸಾಕು ಅಂತ.

ಈ ಸಲ ಸಮಸ್ಯೆ ಏನಂದ್ರೆ ಅಜ್ಜಿ ಮೆಟ್ಟಿಲ ಹತ್ರ ಜಾರಿ ಬಿದ್ದು ಬಲಗೈ ಮುರ್ಕೊಂಡಿದ್ರು. ಮೊಣಕೈ ತನಕ ಪ್ಲಾಸ್ಟರ್. ಹಿಟ್ಟು ಕಲೆಸಕ್ಕಾಗಲ್ಲ, ಜಡೆ ಹಾಕ್ಕೊಳಕ್ಕಾಗಲ್ಲ, ಬ್ರೆಡ್ ಕೂಡ ಬೇರೆಯೋರೇ ಕುಯ್ದು ಕೊಡ್ಬೇಕು. ಅಷ್ಟು ಜೋರಿನ ಅಜ್ಜಿ ಸುಮ್ನೆ ಕುರ್ಚೀಲಿ ಕೂತಿದ್ರು. ಹಿಮ ನೋಡಿದ್ಮೇಲೇನೇ ಕಣ್ಣಲ್ಲಿ ಸ್ವಲ್ಪ ಬೆಳಕು ಬಂದಿದ್ದು.

"ಝೆನೊನ್," ಅಂದ್ರು ಅಪ್ಪನಿಗೆ. "ಈ ಸಲ ನೀನು ಬಡೀಬೇಕು."

"ಹೂಂ ಅತ್ತೆ."

"ಶನಿವಾರ ಶನಿವಾರ ಕಾರ್ಪೆಟ್ಟಿಗೆ ಧೂಳೆಳೆಯೋ ಮೆಷಿನ್ ಹಾಕೋನು ನೀನೇ ತಾನೇ? ಬಾಗ್ಲು ಮುಚ್ಕೊಂಡು ಅಷ್ಟು ಹೊತ್ತು ಗುಂಯ್ ಅನ್ನಿಸ್ತೀಯಲ್ಲ, ಮೂಲೆ ಮೂಲೆ ಹಾಕಿದೀಯ?"

"ಮೂಲೆ ಮೂಲೆ ಅತ್ತೆ."

"ಸರಿ, ಚೌಕ ಹೇಳುತ್ತೆ. ಬೆಳ್ಳಗೆ ಬಂದ್ರೆ ನಾನಿನ್ನೂ ಬದುಕಿದೀನಿ ಅಂತ ಆ ಗೆನೋವೆಫಾಗೆ ಗೊತ್ತಾಗುತ್ತೆ. ಕಪ್ಪಗೆ ಬಂತೋ, ಟಿವಿ ನನ್ನ ರೂಮಿಗೆ ಬರುತ್ತೆ. ಹೆಂಗೂ ಹೊರಗೆ ಮುಖ ತೋರಿಸೋ ಹಂಗಿರಲ್ಲ, ಸೀರಿಯಲ್ ನೋಡ್ಕೊಂಡು ಬಿದ್ದಿರ್ತೀನಿ."

ಅಪ್ಪನ ಮುಖ ಹಿಮಕ್ಕಿಂತ ಬೆಳ್ಳಗಾಯ್ತು. ಹೊಸ ವರ್ಷಕ್ಕೆ ಟಿವೀಲಿ ಸ್ಕೀ ಜಂಪ್ ಪಂದ್ಯ, ಕಾಲಿಗೆ ಹಲಗೆ ಕಟ್ಕೊಂಡು ಹಿಮದ ಗುಡ್ಡದಿಂದ ಹಾರೋದು! ಅಪ್ಪ ಅದನ್ನ ನೋಡೋದಲ್ಲ, ಆಡೋದು. ಸೋಫಾ ತುದೀಲಿ ಮಂಡಿ ಮಡಚಿ ಕೂತಿರ್ತಾರೆ, ಟಿವಿಯವನು ಹಾರಿದ್ರೆ ಇವರೂ ಮೂಗು ಮುಂದೆ ಮಾಡಿ ಹಾರ್ತಾರೆ. ಒಂದ್ಸಲ ಟೀ ಟೇಬಲ್ ಮೇಲೇನೇ ಇಳಿದಿದ್ರು.

ನಾವು ನಾಲ್ಕೂ ಜನ, ಅಪ್ಪ, ಅಮ್ಮ, ನಾನು, ತಮ್ಮ ಬೋರಿಸ್, ಹೆಣ ಹೊತ್ತಂಗೆ ಕಾರ್ಪೆಟ್ ಹೊತ್ಕೊಂಡು ಇಳಿದ್ವಿ. ಅಜ್ಜಿ ಮೇಲೆ ಕಿಟಕೀಲಿ ಹಾಜರ್. ಪುಣ್ಯಕ್ಕೆ ಗೆನೋವೆಫಾ ಮನೆ ಪರದೆ ಮುಚ್ಚಿತ್ತು, ಬಾಗ್ಲಲ್ಲಿ ಬೂಟೂ ಇರ್ಲಿಲ್ಲ. ಎಲ್ಲೋ ಹೋಗಿದಾರೆ. ನಾವು ಹಾಸಿ ಇನ್ನೇನು ಶುರು ಮಾಡ್ಬೇಕು, ಮೇಲೆ ಫೋನ್ ಹೊಡ್ಕೊಳ್ತು. ಔಗುಸ್ತೂಫ್‌ನಲ್ಲಿರೋ ಅಜ್ಜಿ ತಂಗಿ. ಆ ತಂಗಿ ಫೋನ್ ಮಾಡಿದ್ರೆ ಊರಲ್ಲಿ ಸತ್ತೋರ ಪಟ್ಟಿ ಮುಗಿಯೋ ತನಕ ಇಡಲ್ಲ. ಕಿಟಕಿ ಮುಚ್ಕೊಳ್ತು.

ಅಪ್ಪ ಬಡಿದ್ರು. ಅಮ್ಮ ಬಡಿದ್ರು. ಎತ್ತಿದ್ವಿ.

ಅಯ್ಯೋ.

ಕಪ್ಪು ಅಂದ್ರೆ ಏನ್ ಕಪ್ಪು! ಯಾರೋ ಹಿಮದಲ್ಲಿ ಬಾವಿ ತೋಡಿದಂಗೆ. ಆ ಕಪ್ಪಿನ ನಟ್ಟನಡುವೆ ತಟ್ಟೆ ಅಗಲದ ಒಂದು ಗುಂಡು, ಅದು ಮಾತ್ರ ಹಾಲಿನಂಗೆ ಬೆಳ್ಳಗೆ.

"ಝೆನೊನ್," ಅಂದ್ರು ಅಮ್ಮ, ಮೆಲ್ಲಗೆ. "ಮಧ್ಯದಲ್ಲಿ ಇದ್ಯಾವುದು ಹುಣ್ಣಿಮೆ ಚಂದ್ರ?"

ಅಪ್ಪ ಮೇಲೆ ನೋಡಿದ್ರು, ಕೆಳಗೆ ನೋಡಿದ್ರು.

"ಅದು ಮೆಷಿನ್ ನಿಲ್ಸೋ ಜಾಗ ಅಮ್ಮ," ಅಂದ ಬೋರಿಸ್. "ಅಪ್ಪ ಅಲ್ಲಿ ಆನ್ ಮಾಡಿ ನಿಲ್ಸಿ, ಟಿವಿ ಸೌಂಡ್ ತೆಗೆದು ಜಂಪ್ ನೋಡ್ತಾರಲ್ಲ."

"ಲೋ ದ್ರೋಹಿ!"

"ಇಡೀ ವರ್ಷ?" ಅಂದ್ರು ಅಮ್ಮ.

"ಇಡೀ ವರ್ಷ ಎಲ್ಲೇ? ಬೇಸಿಗೇಲಿ ಜಂಪ್ ಇರಲ್ಲ."

"ಬೇಸಿಗೇಲಿ ಏನ್ ಮಾಡ್ತಿದ್ದೆ?"

"ಬೇಸಿಗೇಲಿ... ಹಳೇ ಜಂಪ್ ಹಾಕ್ತಾರೆ."

ನಂಗೆ ನಗು ತಡ್ಕೊಳಕ್ಕಾಗ್ದೆ ಮಫ್ಲರ್ ಕಚ್ಕೊಂಡೆ. ಅಮ್ಮ ಬಡಿಗೆ ಎತ್ತಿದ್ರು, ಕಾರ್ಪೆಟ್ ಮೇಲೆ ಬೀಳೋ ಥರ ಕಾಣ್ತಿರ್ಲಿಲ್ಲ. ಅಷ್ಟರಲ್ಲಿ ಮೇಲೆ ಕಿಟಕಿ ಚಿಲಕ ಕಿರ್ ಅಂತು.

"ಮಲ್ಕೋ!" ಅಂದ್ರು ಅಮ್ಮ.

"ಏನು?"

"ಅದರ ಮೇಲೆ ಮಲ್ಕೊಳೋ! ಎಲ್ರೂ! ನಿನ್ ಟಿವಿ ಮನೆ ಹಾಳಾಗ್ಲಿ, ಅಮ್ಮ ಇದನ್ನ ನೋಡಿದ್ರೆ ಇನ್ನು ಆ ಕುರ್ಚಿ ಬಿಟ್ಟು ಏಳಲ್ಲ!"

ಧೊಪ್ ಧೊಪ್ ಅಂತ ನಾಲ್ಕೂ ಜನ ಅಂಗಾತ ಬಿದ್ವಿ. ಅಪ್ಪ ದಪ್ಪ ಇರೋದು ಜೀವಮಾನದಲ್ಲಿ ಮೊದಲ್ನೇ ಸಲ ಉಪಯೋಗಕ್ಕೆ ಬಂತು, ಅರ್ಧ ಚೌಕ ಅವರೊಬ್ರೇ ಮುಚ್ಚಿದ್ರು.

"ಏನದು?" ಅಜ್ಜಿ ಕೂಗಿದ್ರು, ಕಿವಿಗೆ ಫೋನ್ ಹಾಗೇ ಇದೆ. "ಯಾರಿಗೇನಾಯ್ತು?"

"ಏನಿಲ್ಲಮ್ಮ! ಹಿಮದಲ್ಲಿ ದೇವತೆ ಮಾಡ್ತಿದೀವಿ! ರೆಕ್ಕೆ ಬಡಿರೋ ಎಲ್ರೂ!" ಅಂದ್ರು ಅಮ್ಮ.

ಬಡಿದ್ವಿ, ಕೈ ಮೇಲೆ ಕೆಳಗೆ, ಮೇಲೆ ಕೆಳಗೆ. ಹಿಂಗೆ ಮಾಡಿದ್ರೆ ಹಿಮದಲ್ಲಿ ರೆಕ್ಕೆ ಇರೋ ದೇವತೆ ಅಚ್ಚು ಬೀಳುತ್ತೆ, ಚಿಕ್ಕ ಮಕ್ಕಳ ಆಟ.

"ಬೊಜೆನಾ, ನಿಂಗೆ ವಯಸ್ಸೆಷ್ಟು ಅಂತ ನೆನಪಿದ್ಯಾ?"

"ಹಬ್ಬ ಅಲ್ವಾಮ್ಮ!"

"ಚೌಕ ಎಲ್ಲಿ?"

"ಇನ್ನೂ ಬಡಿದಿಲ್ಲ! ಮೊದ್ಲು ಆಟ, ಆಮೇಲೆ ಕೆಲಸ!"

ಅಜ್ಜಿ ಫೋನಿಗೆ, "ಏನಿಲ್ಲ ಕಣೇ, ನಮ್ಮೋರು ಅಂಗಳದಲ್ಲಿ ಹೊರಳಾಡ್ತಿದಾರೆ. ಹೂಂ, ಅಳಿಯನೂ. ಸರಿ, ಅವಳು ಯಾವಾಗ ಸತ್ತಿದ್ದು?" ಅಂತ ಕಿಟಕಿ ಮುಚ್ಚಿದ್ರು.

ಎದ್ವಿ. ಅಪ್ಪನ ಬೆನ್ನು ನೋಡ್ಬೇಕಿತ್ತು, ದೇವತೆ ಸ್ವರ್ಗದಿಂದಲ್ಲ, ಹೊಗೆಗೂಡಿಂದ ಇಳಿದಂಗಿತ್ತು. ಚೌಕ ಮಾತ್ರ ಹಂಗೇ ಇದೆ, ಈಗ ಅದಕ್ಕೆ ರೆಕ್ಕೆ ಬೇರೆ ಬಂದಿವೆ.

"ಯುದ್ಧ," ಅಂದೆ ನಾನು. "ಹಿಮ ಎರಚಾಡೋಣ. ಎಲ್ಲ ಇದರ ಮೇಲೇ ಬೀಳ್ಬೇಕು. ಆಟ ಆಡ್ದಂಗೂ ಆಯ್ತು, ಮುಚ್ದಂಗೂ ಆಯ್ತು."

ಇದು ಸಖತ್ತಾಗಿತ್ತು! ಮೇಲಿಂದ ಕೇಕ್ ಮಾಡೋ ಟ್ರೇ ತಂದ್ವಿ, ಆ ಕಡೆ ಅಮ್ಮ-ಬೋರಿಸ್, ಈ ಕಡೆ ನಾನು-ಅಪ್ಪ. ಟ್ರೇ ತುಂಬ ಹಿಮ ತುಂಬ್ಕೊಂಡು ರಪ್ ರಪ್ ಅಂತ ಎರಚಿದ್ವಿ. ಅಮ್ಮ ಚೌಕ ಮರ್ತು ಅಪ್ಪನ ಮುಖಕ್ಕೇ ಗುರಿ ಇಡ್ತಿದ್ರು, ಅದು ಬೇರೆ ಲೆಕ್ಕಾಚಾರ. ನೋಡ್ತಾ ನೋಡ್ತಾ ಎಲ್ಲ ಬೆಳ್ಳಗಾಯ್ತು. ಚಪ್ಪಾಳೆ ಹೊಡ್ಕೊಂಡು ನಿಂತಿದೀವಿ, ಎದುರು ಬಿಲ್ಡಿಂಗಿನ ನಾಯಿ ಬಿಗೋಸ್ ಬಂತು. ಮೂಸಿತು. ಬಾಲ ಅಲ್ಲಾಡಿಸ್ತು. ಶುರು ಮಾಡ್ತು ಕೆರೆಯಕ್ಕೆ.

"ಛೂ! ಹೋಗೋ! ಇಲ್ಲೇನಿದೆ ಇದಕ್ಕೆ?" ಅಂದ್ರು ಅಮ್ಮ.

"ಸಾಸೇಜ್ ಚೂರಿರ್ಬೇಕು," ಅಂದ್ರು ಅಪ್ಪ ಸಣ್ಣ ದನೀಲಿ. "ಜಂಪ್ ನೋಡುವಾಗ ಬೀಳುತ್ತಲ್ಲ. ಮೀನೂ ಇರಬಹುದು."

ಬಿಗೋಸ್ ನಮ್ಮ ಮನೆ ವರ್ಷದ ಊಟ ಎಲ್ಲ ಹೊರಗೆ ತೆಗೀತು. ಬಿಳೀ ಹಿಮದ ಮೇಲೆ ಕರೀ ಹಿಮ ಚೆಲ್ಲಾಡಿ, ಮೊದಲಿಗಿಂತ ದೊಡ್ಡ ರಾದ್ಧಾಂತ.

"ಮುಚ್ಚಿದ್ರೆ ಆಗಲ್ಲ," ಅಂದ ಬೋರಿಸ್. "ಸಾಗಿಸ್ಬೇಕು. ದೊಡ್ಡ ಉಂಡೆ ಮಾಡಿ ಉರುಳಿಸ್ಕೊಂಡು ಹೋಗೋಣ."

ಆದ್ರೆ ಇದು ಕಾರ್ಪೆಟ್ ಬಡಿಯೋ ಹಿಮ, ಉಂಡೆ ಕಟ್ಟೋ ಹಿಮ ಅಲ್ಲ. ಹಿಡಿದ್ರೆ ಬೆರಳ ಸಂದೀಲಿ ಸಕ್ಕರೆ ಥರ ಸೋರುತ್ತೆ. ಬಿಸಿ ನೀರು ಚಿಮುಕಿಸಿದ್ರೆ ಅಂಟುತ್ತೆ ಅಂದೆ. ಅಮ್ಮ ಮೇಲೆ ಓಡಿದ್ರು. ಅಡುಗೆಮನೇಲಿ ಬಿಸಿಯಾಗಿ ಇದ್ದಿದ್ದು ಒಂದೇ, ಹಬ್ಬದ ಸಾರಿಗೆ ಬೇಯಿಸಿಟ್ಟ ಬೀಟ್‌ರೂಟ್ ನೀರು. ಬೀಟ್‌ರೂಟ್ ತಟ್ಟೆಗೆ ಸುರಿದು ಪಾತ್ರೆ ಎತ್ಕೊಂಡು ಬಂದ್ಬಿಟ್ರು.

ಅಂಟಿತು ಅಂದ್ರೆ ಎಂಥಾ ಅಂಟು! ಅಪ್ಪ ಮಂಡಿ ಊರಿ ತಟ್ಟಿದ್ರು, ನಾನು ಚಿಮುಕಿಸ್ದೆ, ಬೋರಿಸ್ ಉರುಳಿಸ್ದ. ಉಂಡೆ ಸೊಂಟದೆತ್ತರ ಬಂತು. ಸುತ್ತ ಹಿಮ ಎಲ್ಲ ಕೆಂಪು ಕೆಂಪು, ಅಪ್ಪನ ಕೈ ಕೆಂಪು, ಕೋಟು ಕೆಂಪು, ಬೆನ್ನು ಕಪ್ಪು. ಸರಿಯಾಗಿ ಆಗ ಕಿಟಕಿ ತೆಗೀತು.

"ಅಯ್ಯೋ! ಬಡಿಗೆ ಎಲ್ಲಿ ಬಿತ್ತೇ ಬೊಜೆನಾ? ಝೆನೊನ್‌ನ ಕೊಂದ್ಬಿಟ್ಯೇನೇ!"

"ಇಲ್ಲಾ ಅತ್ತೆ! ಬದುಕಿದೀನಿ!" ಅಪ್ಪ ಎದ್ದು ನಿಂತು ಕೆಂಪು ಕೈ ಎರಡೂ ಎತ್ತಿ ಆಡಿಸಿದ್ರು. ಎದುರು ಬಿಲ್ಡಿಂಗಲ್ಲಿ ಯಾರೋ ಕಿಟಾರ್ ಅಂತ ಕಿರುಚಿದ್ರು.

"ಬೀಟ್‌ರೂಟ್ ಅಮ್ಮ! ಹಿಮಕ್ಕೆ ಬಣ್ಣ ಹಾಕೋ ಆಟ!"

"ನನ್ ಸಾರಿನ ಬೀಟ್‌ರೂಟಾ?" ಅಜ್ಜಿ ಇನ್ನಷ್ಟು ಹೊರಗೆ ಬಗ್ಗಿದ್ರು. "ಚೌಕ ಇನ್ನೂ ಆಗ್ಲಿಲ್ವಾ?"

"ಆಗ್ತಿದೆ ಅಮ್ಮ! ಇದೊಂದು ಉಂಡೆ ಉರುಳಿಸಿ ಬಂದ್ಬಿಡ್ತೀವಿ!"

"ಎಲ್ಲಿಗೆ ಉರುಳಿಸ್ತೀರ?"

ಅಮ್ಮ ಕೇಳಿಸ್ದೇ ಇದ್ದಂಗೆ ಉಂಡೆಗೆ ಭುಜ ಕೊಟ್ರು. ಅಂಗಳ ದಾಟಿದ್ರೆ ಗ್ಯಾರೇಜ್ ಸಾಲಿದೆ, ಅದರ ಹಿಂದೆ ಒಂದು ಗೋಡೆ. ಅಲ್ಲಿ ಯಾರೂ ಹೋಗಲ್ಲ, ಹೋಗಕ್ಕೆ ಏನೂ ಇಲ್ಲ. ಹೈಸಾ ಅಂತ ತಳ್ಳಿದ್ವಿ. ಕಾರ್ಪೆಟ್ಟನ್ನೂ ನಮ್ಮನೆ ಸ್ಲೆಡ್ಜ್, ಅದೇ ಹಿಮದಲ್ಲಿ ಜಾರೋ ಗಾಡಿ, ಅದರ ಮೇಲೆ ಹಾಕಿ ನಾನು ಎಳ್ಕೊಂಡು ಹೊರಟೆ, ಅಲ್ಲೇ ಇನ್ನೊಂದು ಸಲ ಬಡಿದು ತರೋಣ ಅಂತ. ಉಂಡೆ ದಾರೀಲಿ ಹಿಮ ತಿನ್ಕೊಂಡು ಅಪ್ಪನ ಎದೆಮಟ್ಟ ಬೆಳೀತು. ಗ್ಯಾರೇಜ್ ತಿರುವಲ್ಲಿ ಇಳಿಜಾರು. ಕೈ ತಪ್ಪಿಸ್ಕೊಂಡು ಉಂಡೆ ತಾನೇ ಓಡ್ತು, ನಾವು ಹಿಂದೆ ಹಿಂದೆ, "ಹಿಡಿ ಹಿಡಿ" ಅಂತ. ಗ್ಯಾರೇಜ್ ಹಿಂದಕ್ಕೆ ತಿರುಗಿದ್ವಿ.

ನಿಂತ್ಬಿಟ್ವಿ.

ಅಲ್ಲಿ ಗೋಡೆ ಉದ್ದಕ್ಕೂ ಚೌಕಗಳು. ಕರೀ ಚೌಕ, ಬೂದಿ ಚೌಕ, ಕಂದು ಚೌಕ, ಸಾಲಾಗಿ ಹೊಲದ ಪಾತಿ ಥರ. ಬಿಲ್ಡಿಂಗಿನ ಅರ್ಧ ಸಂಸಾರಗಳ ವರ್ಷದ ಕೊಳೆ ಅಲ್ಲಿ ಬಿಸಿಲು ಕಾಯಿಸ್ತಿತ್ತು. ಕೊನೇ ಚೌಕದ ಪಕ್ಕ ಬಡಿಗೆ ಎತ್ತಿದ ಕೈ ಎತ್ತಿದ ಹಾಗೇ ಗೆನೋವೆಫಾ ನಿಂತಿದ್ರು! ಅವರ ಕಾರ್ಪೆಟ್ ಕೆಳಗಿನ ಹಿಮ, ಸತ್ಯವಾಗ್ಲೂ ಹೇಳ್ತೀನಿ, ನಮ್ಮದರ ಅಣ್ಣ.

ಉಂಡೆ ಹೋಗಿ ಅವರ ಕಾಲ ಹತ್ರ ನಿಂತ್ಕೊಳ್ತು. ಕಪ್ಪು ಕೆಂಪು ಪಟ್ಟೆ ಪಟ್ಟೆ. ಒಂದು ಮೀನಿನ ಬಾಲ ಬೇರೆ ಹೊರಗೆ ಚಾಚಿತ್ತು.

"ಇದೇನು?" ಅಂದ್ರು ಗೆನೋವೆಫಾ.

"ಹಿಮದ ಮನುಷ್ಯ," ಅಂದ್ರು ಅಪ್ಪ. "ಅದು?"

"ಗಾಳಿಗೆ ಹಾಕಿದ್ದೆ."

ಗೆನೋವೆಫಾ ಬಡಿಗೆ ಇಳಿಸಿ, "ನೇರ ಅಂಗಳದಲ್ಲಿ ಹಾಸಿದ್ರಾ? ಇಲ್ಲಿಗೆ ಬರ್ದೇನೇ? ಥೂ, ನಿಮಗೇನು ತಲೆ ಕೆಟ್ಟಿದ್ಯಾ?" ಅಂದ್ರು.

"ಇಲ್ಲಿಗೆ ಬರ್ಬೇಕು ಅಂತ ಯಾರಿಗೆ ಗೊತ್ತು?" ಅಂದ್ರು ಅಮ್ಮ. "ನಮ್ಮಮ್ಮ ಯಾವತ್ತೂ ಅಂಗಳದಲ್ಲೇ ಬಡಿಯೋದು, ಹಾಲಿನಂಗೆ ಬರುತ್ತೆ."

ಗೆನೋವೆಫಾ ನಕ್ಕರು ನೋಡಿ, ಎಲ್ಲೋ ಗ್ಯಾರೇಜ್ ಮೇಲಿನ ಹಿಮ ಜಾರಿ ಬಿತ್ತು. ನಕ್ಕು ನಕ್ಕು ಕಣ್ಣು ಒರೆಸ್ಕೊಂಡು ಗೋಡೆ ಮೂಲೆ ತೋರಿಸಿದ್ರು. ಸಾಲಿನ ಮೊದಲ್ನೇ ಜಾಗ. ಅಲ್ಲಿ ಮಾತ್ರ ಏನೂ ಇಲ್ಲ, ಅಚ್ಚ ಬಿಳಿ, ಹೆಜ್ಜೆ ಗುರುತೂ ಇಲ್ಲ.

"ಅದು ನಿಮ್ಮಮ್ಮನ ಜಾಗ. ಗಾಳಿ ಬರಲ್ಲ, ಬೀದಿಗೆ ಕಾಣಲ್ಲ. ನಾವು ಮದುವೆಯಾಗಿ ಬಂದಾಗಿಂದ ಅವಳದ್ದೇ. ನೀವೆಲ್ಲ ಏಳೋ ಮುಂಚೆ ಸ್ಲೆಡ್ಜಲ್ಲಿ ಎಳ್ಕೊಂಡು ಬಂದು ಇಲ್ಲಿ ಬಡಿದು, ಕೊಳೆ ಎಲ್ಲ ಹೋದ್ಮೇಲೆ ಅಂಗಳದಲ್ಲಿ ಹಾಸೋದು. ಎಲ್ರೂ ಅಷ್ಟೇ. ಈ ಸಲ ಕೈ ಮುರಿದಿದೆ, ಬರಲ್ಲ ಅಂತ ಗೊತ್ತಿತ್ತು. ಆದ್ರೂ ಅವಳ ಜಾಗದಲ್ಲಿ ಯಾರೂ ಹಾಸ್ಲಿಲ್ಲ."

ಅಮ್ಮನ ಬಾಯಿ ತೆರೆದಿದ್ದು ತೆರೆದ ಹಾಗೇ. "ಬೆಳಿಗ್ಗೆ ಬೆಳಿಗ್ಗೆ ಚರ್ಚಿಗೆ ಹೋಗ್ತೀನಿ ಅಂತಿದ್ಳಲ್ಲ!"

"ಕಾರ್ಪೆಟ್ ತಗೊಂಡಾ?"

"ಹಂಗಾದ್ರೆ ಆ ವರ್ಷ ನಿಮ್ಮದು..." ಅಂತ ನನ್ನ ಬಾಯಿಂದ ಜಾರಿಬಿಡ್ತು. "ಇಲಿ ಬಣ್ಣ..."

"ಜ್ವರ ಬಂದಿತ್ತು ನಂಗೆ, ಇಲ್ಲಿ ತನಕ ನಡಿಯಕ್ಕಾಗ್ಲಿಲ್ಲ. ನಿಮ್ಮಜ್ಜಿಗೆ ಗೊತ್ತಿತ್ತು. ಗೊತ್ತಿದ್ದೂ ಕಲ್ಲಿದ್ದಲು ಗಣಿ ಅಂದ್ಲು, ಗಯ್ಯಾಳಿ!"

ಅಪ್ಪ ಎರಡು ಹೆಜ್ಜೆ ಮುಂದೆ ಬಂದ್ರು. ಕೈ ಕೆಂಪು, ಬೆನ್ನು ಕಪ್ಪು, ಮೀಸೆ ತುಂಬ ಹಿಮ. "ನೋಡಿ, ಇವತ್ತು ನೀವು ಏನ್ ಬೇಕಾದ್ರೂ ಅನ್ನಬಹುದು. ಕೂಗಿ ಹೇಳಬಹುದು. ಆದ್ರೆ ಕೊಳೆ ನಂದು, ಅವರದ್ದಲ್ಲ. ಅವರು ಅಲ್ಲಿ ಕಿಟಕೀಲಿ ಕಾಯ್ತಿದಾರೆ. ಬಿದ್ದಾಗಿಂದ ಕಾಯ್ತಿರೋದು ಇದೊಂದಕ್ಕೇ. ಟಿವಿ ಬೇಕಾದ್ರೆ ನಾನೇ ಹೊತ್ಕೊಂಡು ಹೋಗಿ ಅವರ ರೂಮಲ್ಲಿಡ್ತೀನಿ."

ನಮ್ಮಪ್ಪ! ಸ್ಕೀ ಜಂಪ್ ಅಪ್ಪ! ಅಮ್ಮ ಅವರನ್ನ ಒಂಥರಾ ನೋಡಿದ್ರು, ಆಮೇಲೆ ಮೀಸೆ ಮೇಲಿನ ಹಿಮ ಕೊಡವಿದ್ರು.

"ಯಾರ್ ಕೇಳಿದ್ರು ನಿನ್ ಟಿವಿ ಕಥೆ?" ಅಂದ್ರು ಗೆನೋವೆಫಾ. "ಈಗ ಕೂಗಿದ್ರೆ ಏನ್ ಮಜಾ? ಕೈ ಮುರ್ಕೊಂಡೋಳ್ನ ಸೋಲಿಸಿದ್ರೆ ಅದೂ ಒಂದು ಗೆಲುವಾ? ಕೈ ಸರಿಯಾಗ್ಲಿ, ಆಮೇಲೆ ನೋಡ್ಕೋತೀನಿ. ಹಾಸು ಅಲ್ಲಿ. ಹಂಗಲ್ಲ, ಮುಖ ಕೆಳಗೆ! ಅಯ್ಯೋ, ಬಡಿಗೆ ಹಿಡಿಯಕ್ಕೂ ಬರಲ್ವಲ್ಲೋ ನಿಂಗೆ. ಕೊಡಿಲ್ಲಿ."

ಗೆನೋವೆಫಾ ಬಡಿದಿದ್ದು ಕಾರ್ಪೆಟ್ಟಾ, ಅಜ್ಜಿಯ ಆ ಮಾತಾ, ಗೊತ್ತಾಗ್ಲಿಲ್ಲ. ಏಟಿಗೊಂದು "ಗಣಿ" ಅಂತಿದ್ರು. "ಗಣಿ! ಗಣಿ! ತಗೋ ಗಣಿ!" ಬಡಿದು, ಎಳೆದು, ಹೊಸ ಹಿಮಕ್ಕೆ ಹಾಸಿ, ಮತ್ತೆ ಬಡಿದು. ಕೊನೆಗೆ ಎತ್ತಿ ನೋಡಿದ್ರೆ ಕೆಳಗೆ ಹಾಲು. ಬೋರಿಸ್ ಅಷ್ಟರಲ್ಲಿ ನಮ್ಮ ಉಂಡೆಗೆ ತಲೆ ಇಟ್ಟು, ಮೀನಿನ ಬಾಲ ಮೂಗಾಗಿ ಸಿಕ್ಸಿದ್ದ.

ಓಡೋಡಿ ಅಂಗಳಕ್ಕೆ ಬಂದು, ಬೀಟ್‌ರೂಟ್ ಬೀಳದ ಕಡೆ ಹಾಸಿ, ಅಜ್ಜಿ ಕಣ್ಣೆದುರು ಅಪ್ಪ ನಾಲ್ಕು ಬಡಿದು, ಎತ್ತಿದ್ರು. ಕಿಟಕೀಲಿ ಅಜ್ಜಿ ಬಗ್ಗಿದ್ರು. ತುಂಬ ಹೊತ್ತು ನೋಡಿದ್ರು.

"ಬಿಳಿ," ಅಂದ್ರು.

ಮೇಲೆ ಹೋದ್ವಿ. ಅಜ್ಜಿ ಕಾರ್ಪೆಟ್ ಕಡೆ ನೋಡ್ಲಿಲ್ಲ, ಅಪ್ಪನ ಬೂಟು ನೋಡ್ತಿದ್ರು. "ಗ್ಯಾರೇಜ್ ಕಡೆಗಾ ಉರುಳಿಸಿದ್ದು?"

"ಹೂಂ ಅತ್ತೆ."

"ಗೋಡೆ ಮೂಲೇಲಿ ಯಾರಾದ್ರೂ ಇದ್ರಾ?"

"ಯಾರೂ ಇರ್ಲಿಲ್ಲ ಅತ್ತೆ. ಖಾಲಿ ಬಿಟ್ಟಿದ್ರು. ಒಳ್ಳೇ ಜಾಗ, ಗಾಳೀನೇ ಬರಲ್ಲ."

ಅಜ್ಜಿ ಮುಖ ಆ ಕಡೆ ತಿರುಗಿಸಿ ಕರ್ಚೀಫ್ ಹುಡುಕಿದ್ರು. ಆಮೇಲೆ, "ಟಿವಿ ಇದ್ದಲ್ಲೇ ಇರ್ಲಿ. ಶನಿವಾರ ಮೆಷಿನ್ ಹಾಕುವಾಗ ನಾನೂ ಸೋಫಾ ಮೇಲೆ ಕೂತಿರ್ತೀನಿ. ಎರಡೂ ಒಟ್ಟಿಗೆ ನೋಡ್ತೀನಿ, ನೀನೂ ಹಾರು, ಮೆಷಿನ್ನೂ ಹಾರ್ಲಿ," ಅಂದ್ರು. ಅಪ್ಪ ಬೂಟು ಬಿಚ್ಚೋ ನೆಪದಲ್ಲಿ ಬಗ್ಗಿದ್ರು.

ಅಷ್ಟರಲ್ಲಿ ಕೆಳಗೆ ಧಪ್ ಧಪ್ ಶಬ್ದ. ಗೆನೋವೆಫಾ ನಮ್ಮ ಚೌಕದ ಪಕ್ಕದಲ್ಲೇ ತಮ್ಮ ಕಾರ್ಪೆಟ್ ಹಾಸಿ, ಬಡಿದು, ಎತ್ತಿದ್ರು. ಅದೂ ಬಿಳಿ. ಅಜ್ಜಿ ಕುರ್ಚಿಯಿಂದ ಎದ್ದು ಬಂದು, ಎಡಗೈಲಿ ಕಿಟಕಿ ಧಡಾರ್ ಅಂತ ತೆಗೆದು ಅರ್ಧ ಮೈ ಹೊರಗೆ ಹಾಕಿದ್ರು.

"ಗೆನೋವೆಫಾ! ಆ ಮೂಲೇಲಿ ಏನೋ ಬೂದಿ ಬೂದಿ ಕಾಣ್ತಿದೆಯಲ್ಲೇ!"

"ಕನ್ನಡಕ ಒರೆಸ್ಕೊಳೇ ಮುದುಕಿ!"

"ನಂಗೆ ಮುದುಕಿ ಅಂತೀಯಾ? ನಿಲ್ಲು ನಿಲ್ಲು, ಪ್ಲಾಸ್ಟರ್ ಬಿಚ್ಚಲಿ!"

"ಬೇಗ ಬಿಚ್ಚಿಸ್ಕೊಂಡು ಬಾ, ಕಾಯ್ತಿರ್ತೀನಿ!"

ಅಜ್ಜಿ ಕಿಟಕಿ ಹಾಕಿದ್ರು. ಕೆನ್ನೆ ಎರಡೂ ಬೀಟ್‌ರೂಟ್ ಆಗಿದ್ವು. ನನ್ನ ಕಡೆ ತಿರುಗಿದ್ರು. "ಕಲೀನಾ, ಏನ್ ಹಲ್ಲು ಕಿಸೀತಿದೀಯ ನಿಂತ್ಕೊಂಡು? ಹಿಟ್ಟು ತಾ. ಒಂದ್ ಕೈ ನಂದು, ಒಂದ್ ಕೈ ನಿಂದು, ಕಲೆಸೋಣ."